ಬೆರಳೆಣಿಕೆ

ತೆಮುಕೋ ಆಸ್ಪತ್ರೆಯ ಮೂರನೆಯ ಮಹಡಿ.
ಜುಲೈ. ಹೊರಗೆ ಊರಿಗೆ ಊರೇ
ಸೌದೆ ಒಲೆಯ ಹೊಗೆ ಹೊದ್ದು ಮಲಗಿದೆ.
ಒಳಗೆ ಹನ್ನೊಂದು ಹಾಸಿಗೆ, ಹನ್ನೊಂದು ಪರದೆ,
ಪರದೆಯ ಮೇಲೆ ನಿದ್ದೆಗೆಟ್ಟ ಹಸಿರು ಗೀರು.
ನನ್ನ ಜೇಬಿನಲ್ಲಿ ಗಾಜಿನದೊಂದು ಚೂರು.

ಅದನ್ನು ರೋಗಿಯ ಬಲ ತೋರುಬೆರಳಿಗೊತ್ತಿ
ಹತ್ತು ಎಣಿಸಬೇಕು.
ತುದಿ ಸುಣ್ಣದ ಹಾಗೆ ಬೆಳ್ಳಗಾಗಬೇಕು.
ಬಿಡಬೇಕು.
ಓಡಿಹೋದ ನೆತ್ತರು ಎಷ್ಟು ಸೆಕೆಂಡಿಗೆ ಮನೆಗೆ ಬಂತು
ಬರೆದಿಡಬೇಕು. ಅರ್ಧ ಗಂಟೆಗೊಮ್ಮೆ, ಎಂಟು ಗಂಟೆ.

ಮೂರರೊಳಗೆ ಬಂದರೆ ಸಾಕು, ಸಲೈನ್ ನಿಲ್ಲಿಸಿ.
ದಾಟಿದರೆ ಇನ್ನೊಂದು ಬಾಟಲಿ, ಆಮೇಲೆ ಇನ್ನೊಂದು ಮದ್ದು.
ಇದು ಒಂದು ಗುಂಪು.
ಇನ್ನೊಂದಕ್ಕೆ ರಕ್ತ ಎಳೆದು ಯಂತ್ರಕ್ಕೆ ಉಣಿಸಿ
ಅದು ಒಪ್ಪಿಸುವ ಲ್ಯಾಕ್ಟೇಟಿನ ಲೆಕ್ಕ.
ಯಾರು ಯಾವ ಗುಂಪೆಂದು ಒಡೆಯುವತನಕ
ಲಕೋಟೆಗಷ್ಟೇ ಗೊತ್ತು, ದೇವರಿಗೂ ಇಲ್ಲ.

ಗಾಜು ಗೆದ್ದರೆ ಯಂತ್ರವಿಲ್ಲದ ಊರುಗಳಿಗೂ ಆದೀತು
ಅನ್ನುತ್ತಾರೆ ಡಾಕ್ಟರ್ ವೆರ್ಗಾರಾ.
ಸೋತರೆ?
ಸೋತದ್ದನ್ನೂ ಬರೆಯುವುದು.

ನಡುರಾತ್ರಿ ಏಳನೆಯ ಹಾಸಿಗೆಗೆ ಬಂದವನು
ಎಲ್ಯುತೇರಿಯೋ ಮರಿಲೆಯೋ, ತಿರೂವಾ ಕಡಲಿನವನು.
ಬಂಡೆಗಂಟಿ ತೊಗಲಿನ ಪಟ್ಟೆಯಂತೆ ಬೆಳೆಯುವ
ಕೊಚಾಯುಯೋ ಪಾಚಿ ಕೊಯ್ದು ಕಟ್ಟು ಕಟ್ಟಿ ಮಾರುವವನು.
ಮೊಣಕಾಲ ಗಾಯ ಕೀವಾಗಿ, ಕೀವು ನೆತ್ತರಿಗಿಳಿದು,
ರಕ್ತದೊತ್ತಡ ಪಾತಾಳ ಹಿಡಿದಿತ್ತು.
ಲಕೋಟೆ ಒಡೆದೆ: ಬೆರಳು.

ಗಾಜು ಒತ್ತಿದೆ. ಬೆಳ್ಳಗಾಗಲಿಲ್ಲ.
ಮತ್ತೆ ಒತ್ತಿದೆ.
ನಲವತ್ತು ವರ್ಷ ಉಪ್ಪು, ಹಗ್ಗ, ಚೂರಿ ತಿಂದ ಚರ್ಮ,
ಸವೆದ ಚಪ್ಪಲಿಯ ಹಿಮ್ಮಡಿ.
ಒಳಗೆ ನೆತ್ತರು ಬಂತೋ ಹೋಯಿತೋ
ಬೀದಿಗೆ ಸುದ್ದಿ ಬಿಡದ ಬಾಗಿಲು.
ಬೆರಳೇ ಕೈಕೊಟ್ಟಿತು ಅನ್ನೋಣವೆಂದರೆ
ನಗಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಹಾಳೆಯಲ್ಲಿ ಎರಡೂವರೆಯ ಚೌಕ ಖಾಲಿ.
ಒಂದು ‘ಮೂರು’ ಗೀಚಿದರೆ ಯಾರು ಕೇಳುತ್ತಾರೆ?
ಮೂರು ಎಂದರೆ ಚೆನ್ನಾಗಿದ್ದಾನೆ, ನಿಲ್ಲಿಸು.
‘ಐದು’ ಎಂದರೆ ಇನ್ನಷ್ಟು ನೀರು, ಬೇಡದಿದ್ದರೆ ಅದು ಶ್ವಾಸಕೋಶಕ್ಕೆ.
ಇಲ್ಲಿ ಸುಳ್ಳನ್ನು ಮಿಲಿಲೀಟರಿನಲ್ಲಿ ಅಳೆಯುತ್ತಾರೆ.
ಪೆನ್ನಿಗೆ ಮುಚ್ಚಳ ಹಾಕಿದೆ.

ಫೋನಿನಲ್ಲಿ ವೆರ್ಗಾರಾ, ಅರೆನಿದ್ದೆಯ ದನಿ:
‘ಅಳೆಯಲಾಗದು’ ಅಂತ ಬರೆದುಬಿಡು ಮಿಲಾರಾಯ್.
ಬರೆಯಬಹುದಿತ್ತು.

ಬಾಗಿಲಾಚೆ ಬೆಂಚಿನಲ್ಲಿ ಅವನ ಹೆಂಡತಿ ದೊಮಿತಿಲಾ.
ಹೀಗಾಗಿದೆ ಎಂದೆ.
ಅವಳು ತನ್ನ ಕೈಯೆತ್ತಿ, ಇಲ್ಲದ ಹಗ್ಗವನ್ನು
ಗಾಳಿಯಲ್ಲಿ ಒಂದು ಸುತ್ತು, ಎರಡು ಸುತ್ತು ಸುತ್ತಿ
ನಡುವೆ ನಿಲ್ಲಿಸಿದಳು.
“ಎಡಗೈ ಕಿರುಬೆರಳು.
ಹುಡುಗನಾಗಿದ್ದಾಗ ಮುರಿದದ್ದು, ಮಡಚುವುದಿಲ್ಲ,
ಹಗ್ಗಕ್ಕೆ ತಾಗುವುದಿಲ್ಲ.
ಆ ಮನುಷ್ಯನಲ್ಲಿ ಮೆತ್ತಗಿರುವುದು ಅದೊಂದೇ.”
ನಾಚಿದಳೋ ಬೈದಳೋ ತಿಳಿಯಲಿಲ್ಲ.

ಗಾಜು. ಹತ್ತು. ಬಿಟ್ಟೆ.
ಒಂದು.
ಎರಡು.
ಮೂರು.
ನಾಲ್ಕು.
ಐದು ಅನ್ನುವಾಗ ಅಂಚಿನಿಂದ ಕೆಂಪು
ತಡವಾಗಿ ಬಂದ ಕೂಲಿಯವನ ಹಾಗೆ ತಲೆತಗ್ಗಿಸಿ ಒಳಬಂತು.

ಆಮೇಲೆ ಬರೆದದ್ದು: ಐದು, ಆರು, ಐದು, ಐದು, ನಾಲ್ಕು.
ಪಾಳಿ ಬದಲಾಗುವ ಹೊತ್ತಿಗೆ, ಮೂರು.
ಹೊರಬಂದು ‘ಮೂರು’ ಎಂದೆ.
ಯಾವುದರ ಮೂರು ಎಂದು ಅವಳಿಗೇನು ಗೊತ್ತು?
ಆದರೂ ಬೆರಳು ಮಡಚಿ ಎಣಿಸಿ ನೋಡಿಕೊಂಡಳು.

ಎರಡು ವರ್ಷದ ಮೇಲೆ ಪ್ರಬಂಧ ಅಚ್ಚಾಯಿತು.
ಗಾಜು ಗೆದ್ದಿತೇ? ಕೂದಲೆಳೆಯಷ್ಟು, ಅದೂ ಖಚಿತವಿಲ್ಲವಂತೆ.
ಕೋಷ್ಟಕದಡಿ ಇರುವೆಗಾತ್ರದಲ್ಲಿ:
‘ನಿಯಮ ಮೀರಿದ ಅಳತೆ, ಒಬ್ಬ ರೋಗಿ.’
ಕಾರಣದ ಅಂಕಣದಲ್ಲಿ ನಾನು ‘ಹಗ್ಗ’ ಎಂದು ಬರೆದಿದ್ದೆ,
ಸಂಪಾದಕರು ತೆಗೆದರು.

ಬದುಕಿದವರ ಸಾಲಿನಲ್ಲಿ ಅವನಿದ್ದಾನೋ ಇಲ್ಲವೋ
ನಾನು ಹೇಳುವಂತಿಲ್ಲ, ಸಹಿ ಹಾಕಿದ್ದೇನೆ.
ಮೊನ್ನೆ ತಿರೂವಾ ಬಸ್ಸಿನ ಡ್ರೈವರ್
ಹೆಸರಿಲ್ಲದ ಕೊಚಾಯುಯೋ ಕಟ್ಟೊಂದನ್ನು ಕೊಟ್ಟುಹೋದ.
ಕಡಲುಪ್ಪಿಗೆ ಬಿಗಿದ ಗಂಟು.
ಬಿಚ್ಚುವಾಗ ನನ್ನ ಬೆರಳತುದಿ ಬೆಳ್ಳಗಾಯಿತು,
ಎಣಿಸುವುದು ಮರೆತೆ.